ಕೀಲಿಕೈ ಇದ್ದವರ ತಪ್ಪುಗಳು: ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ನಿಯಮ ಬಂದ ಬಗೆ

ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರುವ ವಿದ್ಯಾರ್ಥಿಗೆ ಗುರುತಿನ ಚೀಟಿ, ಇಮೇಲ್ ಖಾತೆ, ವೈಫೈ ಪಾಸ್‌ವರ್ಡ್‌ಗಳ ಜೊತೆಗೆ ಒಂದು ಒಪ್ಪಿಗೆ ಪತ್ರವೂ ಸಿಗುವುದುಂಟು. ಸಂಸ್ಥೆಯ ಕಂಪ್ಯೂಟರನ್ನು ಅನುಮತಿಸಿದ ಉದ್ದೇಶಕ್ಕೆ ಮಾತ್ರ ಬಳಸುತ್ತೇನೆ ಎನ್ನುವ ಆ ಪತ್ರಕ್ಕೆ ಓದದೆಯೇ ಸಹಿ ಹಾಕುವುದು ವಾಡಿಕೆ. ಇಂಥ ನಿಯಮಗಳ ಹಿಂದಿನ ಪ್ರಸಂಗಗಳನ್ನು ಕೆದಕಿದರೆ, ಗೋಡೆ ಹಾರಿ ಬಂದ ಕಳ್ಳರಿಗಿಂತ ಕೀಲಿಕೈ ಇದ್ದ ಒಳಗಿನವರೇ ಎದುರಾಗುತ್ತಾರೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಕಂಪ್ಯೂಟರ್ ವಿಜ್ಞಾನಿ ಫರ್ನಾಂಡೊ ಕೊರ್ಬಾಟೊ ಅವರ ತಂಡ, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಬಲ್ಲ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ಕಟ್ಟಿತು. ಯಂತ್ರದ ಹೊತ್ತು ದುಬಾರಿಯಾಗಿದ್ದುದರಿಂದ ಅದನ್ನು ಪಡಿತರದಂತೆ ಹಂಚಲಾಗುತ್ತಿತ್ತು. ಒಬ್ಬರ ಕಡತಕ್ಕೂ ಪಾಲಿಗೂ ಇನ್ನೊಬ್ಬರು ಕೈಹಾಕದಿರಲೆಂದು ಪಾಸ್‌ವರ್ಡ್ ಬಂತು. ಸಂಶೋಧನಾ ವಿದ್ಯಾರ್ಥಿ ಆಲನ್ ಶೆರ್ ಅವರಿಗೆ ವಾರಕ್ಕೆ ಸಿಗುತ್ತಿದ್ದುದು 4 ಗಂಟೆ, ಅವರ ಕೆಲಸಕ್ಕೆ ಅದು ಏನೇನೂ ಸಾಲುತ್ತಿರಲಿಲ್ಲ. 1962ರ ಒಂದು ಶುಕ್ರವಾರ ರಾತ್ರಿ, ಕಡತ ಮುದ್ರಿಸಿಕೊಡುವಂತೆ ಕೋರುವ ಪಂಚ್ ಕಾರ್ಡಿನಲ್ಲಿ (ಕಂಪ್ಯೂಟರಿಗೆ ಸೂಚನೆ ಕೊಡಲು ತೂತು ಹಾಕಿದ ರಟ್ಟಿನ ಚೀಟಿ) ಅವರು ಪಾಸ್‌ವರ್ಡ್ ಕಡತದ ಹೆಸರನ್ನೇ ಹಾಕಿ ಕೊಟ್ಟರು. ಶನಿವಾರ ಬೆಳಿಗ್ಗೆ ಹೋಗಿ, ಮುದ್ರಿತ ಹಾಳೆಗಳನ್ನಿಡುವ ಕಪಾಟಿನಿಂದ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಎತ್ತಿಕೊಂಡು ಬಂದರು. ಇದನ್ನು ಅವರು ಒಪ್ಪಿಕೊಂಡದ್ದು ಸುಮಾರು ಕಾಲು ಶತಮಾನದ ನಂತರ. ಪಡಿತರ ಚೀಟಿ ಇದ್ದವರೇ ಇನ್ನೊಬ್ಬರ ಚೀಟಿ ಹಿಡಿದು ಮತ್ತೊಮ್ಮೆ ಸಾಲಿನಲ್ಲಿ ನಿಂತಂತೆ ಇದು. (1966ರಲ್ಲಿ ಅದೇ ವ್ಯವಸ್ಥೆಯ ಒಂದು ದೋಷದಿಂದಾಗಿ, ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಬದಲಿಗೆ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತು, ಆ ಸಲ ಬಳಕೆದಾರರ ತಪ್ಪೇನೂ ಇರಲಿಲ್ಲ.)

ಒಳಗಿನವರ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1988ರ ನವೆಂಬರ್ 2ರಂದು. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್, ತಾನಾಗಿ ಹರಡುವ ಪ್ರೋಗ್ರಾಮ್ ಒಂದನ್ನು ಎಂಐಟಿಯ ಕಂಪ್ಯೂಟರಿನಿಂದ ಅಂತರಜಾಲಕ್ಕೆ ಬಿಟ್ಟರು. ಇಮೇಲ್ ಕಳಿಸುವ ಸೆಂಡ್‌ಮೇಲ್, ಬಳಕೆದಾರರ ವಿವರ ತೋರಿಸುವ ಫಿಂಗರ್ ಎಂಬ ಸೇವೆಗಳ ದೋಷಗಳ ಮೂಲಕ ಅದು ಒಳನುಗ್ಗುತ್ತಿತ್ತು. ಅಲ್ಲದೆ 432 ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಪಾಸ್‌ವರ್ಡ್ ಊಹಿಸುತ್ತಿತ್ತು. ತನ್ನದೇ ಪ್ರತಿ ಆ ಯಂತ್ರದಲ್ಲಿ ಈಗಾಗಲೇ ಇದೆಯೇ ಎಂದು ಕೇಳಿ, ಇದ್ದರೆ ಹಿಂದೆ ಸರಿಯಬೇಕಿತ್ತು. ಆದರೆ ಆಡಳಿತಗಾರರು ಸುಳ್ಳೇ ‘ಇದೆ’ ಎಂದು ಹೇಳಿಸಿಯಾರು ಎಂಬ ಎಣಿಕೆಯಿಂದ, 7ರಲ್ಲಿ ಒಂದು ಸಲ ಉತ್ತರವನ್ನು ಲೆಕ್ಕಿಸದೆ ಉಳಿದುಬಿಡುವಂತೆ ಮಾರಿಸ್ ಬರೆದಿದ್ದರು. ಆ ಲೆಕ್ಕ ಕೈಕೊಟ್ಟಿತು: ಒಂದೇ ಯಂತ್ರದಲ್ಲಿ ಪ್ರತಿಗಳು ರಾಶಿಬಿದ್ದು ಬೇರಾವ ಕೆಲಸವೂ ನಡೆಯದಾಯಿತು. ಅಂದು ಜಾಲದಲ್ಲಿದ್ದ ಸುಮಾರು 60,000 ಕಂಪ್ಯೂಟರುಗಳಲ್ಲಿ 6,000ದಷ್ಟು ಬಾಧಿತವಾದವೆಂಬ ಅಂದಾಜಿದೆ.

ಕಾರ್ನೆಲ್ ನೇಮಿಸಿದ ತನಿಖಾ ಸಮಿತಿ 1989ರಲ್ಲಿ ಕೊಟ್ಟ ವರದಿ ಇಂದಿಗೂ ಓದಬೇಕಾದದ್ದು. ಇತರರ ಖಾಸಗಿ ಕಡತಗಳನ್ನು ಜಾಲಾಡುವುದು, ಗೂಢಲಿಪಿ ಬಿಡಿಸುವುದು, ಅನುಮತಿಯಿಲ್ಲದ ಅಧಿಕಾರ ಪಡೆಯುವುದು, ಈ ಮೂರನ್ನೂ ಕಂಪ್ಯೂಟರ್ ವಿಭಾಗದ ಲಿಖಿತ ನಿಯಮ ಮೊದಲೇ ನಿಷೇಧಿಸಿತ್ತು. ಮಾರಿಸ್ ಮೂರನ್ನೂ ಮುರಿದಿದ್ದರು. ನಿಯಮದ ಪ್ರತಿ ಅವರ ಕೈಸೇರಿತ್ತಂತೆ, ಓದಿದರೋ ಇಲ್ಲವೋ ಸಮಿತಿಗೆ ತಿಳಿಯಲಿಲ್ಲ. ಅದನ್ನು ವಿವರಿಸಿದ ಉಪನ್ಯಾಸಕ್ಕೂ ಅವರು ಬಹುಶಃ ಹೋಗಿರಲಿಲ್ಲ. ಭದ್ರತೆಯ ಲೋಪವನ್ನು ಬಯಲಿಗೆಳೆದದ್ದು ಉಪಕಾರವೇ ಎಂಬ ವಾದವನ್ನು ಸಮಿತಿ ಒಪ್ಪಲಿಲ್ಲ. ಬಲ್ಲವರಿಗೆಲ್ಲ ಗೊತ್ತಿದ್ದ ದೌರ್ಬಲ್ಯವನ್ನು ಬಳಸಿಕೊಳ್ಳುವುದು ಪ್ರತಿಭೆಯೂ ಅಲ್ಲ, ಸಾಹಸವೂ ಅಲ್ಲ ಎಂಬುದು ಅದರ ನಿಲುವು, ಅದು ಸರಿಯಾದದ್ದೇ.

ನ್ಯಾಯಾಲಯದಲ್ಲಿ ಮಾರಿಸ್ ಪರ ವಾದ ಕುತೂಹಲಕರವಾಗಿತ್ತು. ಕಾರ್ನೆಲ್, ಹಾರ್ವರ್ಡ್, ಬರ್ಕ್‌ಲಿಗಳಲ್ಲಿ ಖಾತೆಯಿದ್ದ ತಮ್ಮ ಕಕ್ಷಿದಾರರು ಇದ್ದ ಅನುಮತಿಯನ್ನು ಮೀರಿದರೇ ಹೊರತು ಅನುಮತಿಯಿಲ್ಲದೆ ಪ್ರವೇಶಿಸಿದವರಲ್ಲ ಎಂದು ವಕೀಲರು ಹೇಳಿದರು. ಆ ಸೇವೆಗಳನ್ನು ಅವು ಇರುವ ಉದ್ದೇಶಕ್ಕೆ ಬಳಸಿರಲಿಲ್ಲವಾದ್ದರಿಂದ ಈ ವಾದ ನಿಲ್ಲದು ಎಂದು ಮೇಲ್ಮನವಿ ನ್ಯಾಯಾಲಯ 1991ರಲ್ಲಿ ತೀರ್ಪಿತ್ತಿತು. 3 ವರ್ಷಗಳ ಪ್ರೊಬೇಷನ್ (ಜೈಲಿನ ಬದಲು ನಿಗಾದಲ್ಲಿರುವುದು), 400 ಗಂಟೆಗಳ ಸಮುದಾಯ ಸೇವೆ, 10,050 ಡಾಲರ್ ದಂಡದ ಶಿಕ್ಷೆ ಉಳಿಯಿತು. ಅಷ್ಟರಲ್ಲಿ, 1989ರ ಜನವರಿಯಲ್ಲೇ, ಅಂತರಜಾಲದ ತಾಂತ್ರಿಕ ಮಂಡಳಿ ಒಂದು ಪುಟ್ಟ ನೀತಿ ಹೇಳಿಕೆ ಹೊರಡಿಸಿ, ಅನುಮತಿಯಿಲ್ಲದ ಪ್ರವೇಶದ ಜೊತೆಗೆ ಜನರ ದುಡಿಮೆಯನ್ನೂ ಯಂತ್ರದ ಸಾಮರ್ಥ್ಯವನ್ನೂ ಪೋಲು ಮಾಡುವುದನ್ನು ಅನೈತಿಕವೆಂದು ಸಾರಿತ್ತು.

ಭಾರತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳೇ ಮೊದಲಾದವನ್ನು ಕಂಪ್ಯೂಟರ್ ಜಾಲದಿಂದ ಜೋಡಿಸುವ ಅರ್ನೆಟ್ ಯೋಜನೆ 1986ರಲ್ಲಿ ಆರಂಭವಾಯಿತಾದರೂ ಕಾನೂನು ಬಂದದ್ದು 2000ದಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಕೂಡ, ಮಾಲೀಕರ ಅಥವಾ ಕಂಪ್ಯೂಟರಿನ ಹೊಣೆಹೊತ್ತವರ ಅನುಮತಿಯಿತ್ತೇ ಎಂಬುದರ ಮೇಲೆಯೇ ನಿಂತಿದೆ.

ಈ ಅಳತೆಗೋಲು ಎಷ್ಟು ತೊಡಕಿನದೆಂದು 2010ರಲ್ಲಿ ಮತ್ತೆ ಎಂಐಟಿಯಲ್ಲೇ ಕಂಡಿತು. ಅಲ್ಲಿನ ಜಾಲ ಅತಿಥಿಗಳಿಗೂ ತೆರೆದಿತ್ತು, ಜಾಲಕ್ಕೆ ಸೇರಿದವರು ಜೆಸ್ಟೋರ್ ಸಂಗ್ರಹದ ಸಂಶೋಧನಾ ಲೇಖನಗಳನ್ನು ಓದಬಹುದಿತ್ತು. ಪ್ರೋಗ್ರಾಮರ್ ಹಾಗೂ ಹೋರಾಟಗಾರ ಆರನ್ ಸ್ವಾರ್ಟ್ಜ್, ಜಾಲದ ತಂತಿಗಳ ಕೋಣೆಯೊಂದರಲ್ಲಿ ಲ್ಯಾಪ್‌ಟಾಪ್ ಬಚ್ಚಿಟ್ಟು ಅವನ್ನು ಲಕ್ಷಗಟ್ಟಲೆ ಇಳಿಸಿಕೊಂಡರು. ಅದಕ್ಕಾಗಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಒಂದೊಂದಾಗಿ ಓದಲು ಇದ್ದ ಅನುಮತಿ ಇಡೀ ಕಣಜ ಹೊರಲು ಸಲ್ಲುವುದೇ ಎಂಬ ಪ್ರಶ್ನೆಗೆ ನ್ಯಾಯಾಲಯದಲ್ಲಿ ಉತ್ತರ ಸಿಗುವ ಮೊದಲೇ, 2013ರ ಜನವರಿಯಲ್ಲಿ, ಅವರು ತೀರಿಕೊಂಡರು. ಅದೇ ವರ್ಷ ಪ್ರಾಧ್ಯಾಪಕ ಹಾಲ್ ಏಬಲ್‌ಸನ್ ನೇತೃತ್ವದ ಸಮಿತಿ ಎಂಐಟಿಯ ನಡೆಯನ್ನು ಪರಿಶೀಲಿಸಿ, ಕ್ಯಾಂಪಸ್ಸಿನವರೇ ಉತ್ತರಿಸಬೇಕಾದ ಕೆಲವು ಪ್ರಶ್ನೆಗಳನ್ನು ಮುಂದಿಟ್ಟಿತು. ತಂತ್ರಜ್ಞಾನ ಕೊಡುವ ಬಲದೊಂದಿಗೆ ಹೆಗಲೇರುವ ವೈಯಕ್ತಿಕ ನೀತಿಯನ್ನೂ ಕಾನೂನಿನ ಹೊಣೆಯನ್ನೂ ಎಂಐಟಿಯ ಶಿಕ್ಷಣ ಕಲಿಸಬೇಕೇ ಎಂಬುದು ಅವುಗಳಲ್ಲೊಂದು.