ಋತ್ವಿಕ್ ಘಟಕ್ ಸಿನಿಮಾಗಳನ್ನು ಕಿವಿಯಿಂದ ನೋಡುವುದು

ದೇಶ ವಿಭಜನೆಯ ಸಿನಿಮಾ ಅಂದ ಕೂಡಲೇ ಉರಿಯುವ ಮನೆಗಳು, ಜನ ತುಂಬಿ ತುಳುಕುವ ರೈಲು ಕಣ್ಮುಂದೆ ಬರುತ್ತವೆ ಅಲ್ವಾ? ಋತ್ವಿಕ್ ಘಟಕ್ ಅವರ ಮೂರು ಬಂಗಾಳಿ ಚಿತ್ರಗಳಲ್ಲಿ ಅದನ್ನು ಹುಡುಕಬೇಡಿ, ಸಿಗುವುದಿಲ್ಲ. ‘ಮೇಘೆ ಢಾಕಾ ತಾರಾ’ (1960), ‘ಕೋಮಲ್ ಗಾಂಧಾರ್’ (1961), ‘ಸುಬರ್ಣರೇಖಾ’ (ಮಾಡಿದ್ದು 1962, ತೆರೆಗೆ ಬಂದದ್ದು 1965). ಮೂರರಲ್ಲೂ ಎಲ್ಲ ನಡೆದುಹೋದ ಮೇಲಿನ ಕಥೆ. ಊರು ಬಿಟ್ಟು ಬಂದವರ ಮನೆಯೊಳಗೆ ಏನೇನು ಮುರಿಯುತ್ತಾ ಹೋಯಿತು ಅನ್ನುವುದು. ಅದನ್ನು ಘಟಕ್ ತೋರಿಸುವುದಕ್ಕಿಂತ ಜಾಸ್ತಿ ಕೇಳಿಸುತ್ತಾರೆ.

ಅವರ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಹುಟ್ಟಿದ್ದು 1925ರಲ್ಲಿ, ಢಾಕಾದಲ್ಲಿ. ಸಿನಿಮಾಕ್ಕೆ ಬಂದದ್ದು ಇಪ್ಟಾ ಎಂಬ ಎಡಪಂಥೀಯ ರಂಗಸಂಘಟನೆಯ ನಾಟಕಗಳ ಕಡೆಯಿಂದ. ಪೂರ್ತಿ ಮಾಡಿದ್ದು ಎಂಟೇ ಕಥಾಚಿತ್ರ. ಮೊದಲ ಚಿತ್ರ ‘ನಾಗರಿಕ್’ 1952ರಲ್ಲೇ ತಯಾರಾಗಿತ್ತು, ತೆರೆಗೆ ಬಂದದ್ದು 1977ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಒಂದು ವರ್ಷವಾಗಿತ್ತು.

ಈಗ ‘ಮೇಘೆ ಢಾಕಾ ತಾರಾ’. ಕಲ್ಕತ್ತೆಯ ಅಂಚಿನ ನಿರಾಶ್ರಿತರ ಕಾಲೊನಿ. ನೀತಾ ದುಡಿಯುತ್ತಾಳೆ, ಉಳಿದವರು ತಿನ್ನುತ್ತಾರೆ. ಸಿನಿಮಾದ ಶುರುವಿನಲ್ಲೇ ನಡೆಯುತ್ತಾ ನಡೆಯುತ್ತಾ ಅವಳ ಚಪ್ಪಲಿ ಕಿತ್ತುಹೋಗುತ್ತದೆ. ಒಂದು ಗಳಿಗೆ ನಿಂತು ನೋಡುತ್ತಾಳೆ, ಮತ್ತೆ ಹೊರಡುತ್ತಾಳೆ. ಕೈಗೆ ದುಡ್ಡು ಬಂದಾಗ ತಂಗಿಗೆ ಸೀರೆ ಬೇಕು, ತಮ್ಮನಿಗೆ ಬೂಟು ಬೇಕು. ಅವಳಿಗೆ ಚಪ್ಪಲಿ ಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ, ಅವಳಿಗೂ.

ಪ್ರೀತಿಯ ಕಥೆ ಇಲ್ಲಿ ಬರುತ್ತದೆ. ನೀತಾ ಮೆಚ್ಚಿದವನು ಸನತ್. ಇವಳು ಮದುವೆಯಾಗಿ ಹೋದರೆ ಒಲೆ ಹೊತ್ತುವುದು ಹೇಗೆ? ಇದು ತಾಯಿಯ ಹೆದರಿಕೆ. ಹಾಗಾಗಿ ಸನತ್ ಚಿಕ್ಕವಳು ಗೀತಾಳ ಕಡೆ ವಾಲಿದಾಗ ತಾಯಿ ತಡೆಯುವುದಿಲ್ಲ. ಸನತ್ ಮತ್ತು ನೀತಾ ಮಾತಾಡುವುದು ತಾಯಿಯ ಕಿವಿಗೆ ಬೀಳುವಾಗ ಅಡುಗೆ ಕುದಿಯುವ ಸದ್ದು ಜೋರಾಗುತ್ತದೆ, ನಿಜವಾದ ಪಾತ್ರೆಯಿಂದ ಬರುವುದಕ್ಕಿಂತ ಹೆಚ್ಚಾಗಿ. ತಾಯಿಯನ್ನು ಕೆಟ್ಟವಳು ಅಂತ ಬರೆದುಕೊಳ್ಳಬೇಡಿ. ಆ ಕುದಿತದಲ್ಲಿ ಹೊಟ್ಟೆಕಿಚ್ಚಿಗಿಂತ ಹೊಟ್ಟೆಯ ಚಿಂತೆಯೇ ಜಾಸ್ತಿ.

ಮುಂದೆ ಸನತ್‌ನ ಮನೆಗೆ ಹೋದ ನೀತಾಗೆ ಒಳಗೆ ಇನ್ನೊಬ್ಬಳಿದ್ದಾಳೆ ಅಂತ ಗೊತ್ತಾಗುತ್ತದೆ. ಏನೂ ಮಾತಾಡದೆ ಮೆಟ್ಟಿಲು ಇಳಿಯುತ್ತಾಳೆ. ಆಗ ಚಾಟಿ ಬೀಸಿದ ಸದ್ದು! ಚಾಟಿ ಹಿಡಿದವರು ಯಾರೂ ಅಲ್ಲಿಲ್ಲ. ಮೊದಲ ಸಲ ನೋಡಿದಾಗ ನನಗೆ ಇದು ಅತಿ ಅನ್ನಿಸಿತ್ತು, ನೋಟ್ಸ್‌ನಲ್ಲಿ ‘ಓವರ್’ ಅಂತ ಬರೆದು ಅಡಿಗೆರೆ ಬೇರೆ ಎಳೆದಿದ್ದೆ. ಎರಡನೇ ಸಲ ಆ ಸಾಲು ಹೊಡೆದುಹಾಕಿದೆ. ನೀತಾ ಯಾವತ್ತೂ ದೂರುವವಳಲ್ಲ. ಅವಳ ಮುಖ ಹೇಳದ ಪೆಟ್ಟನ್ನು ಸದ್ದು ಹೇಳುತ್ತಿದೆ. ನಮ್ಮ ಕಂಪನಿ ನಾಟಕಗಳನ್ನು ನೋಡಿದವರಿಗೆ ಇದು ಬೇಗ ಒಗ್ಗುತ್ತದೆ. ಬಂಗಾಳದ ‘ಜಾತ್ರಾ’ ಎಂಬ ಜನಪದ ನಾಟಕದ ಆ ಗಟ್ಟಿ ದನಿ ಘಟಕ್‌ಗೆ ನಾಚಿಕೆಯ ವಿಷಯವಾಗಿರಲಿಲ್ಲ, ಬೇಕಂತಲೇ ಇಟ್ಟುಕೊಂಡದ್ದು.

ಅಣ್ಣ ಶಂಕರ್ ಹಾಡುಗಾರ, ಕೆಲಸವಿಲ್ಲದವನು. ಅವನ ಹಾಡುಗಳಲ್ಲಿ ಹಂಸಧ್ವನಿಯೂ ಇದೆ. ಹಿನ್ನೆಲೆಯಲ್ಲಿ ಹಾಡಿದವರು ಎ. ಕಾನನ್. ‘ವಾತಾಪಿ ಗಣಪತಿಂ’ ಕೇಳಿದವರಿಗೆ ಈ ರಾಗ ಹೊಸದಲ್ಲ, ಹಿಂದೂಸ್ತಾನಿಗೆ ನಮ್ಮ ಕಡೆಯಿಂದಲೇ ಹೋದದ್ದು. ಕಛೇರಿ ಶುರುವಾಗುವಾಗ ಕೇಳಿಸುವ ಮಂಗಳದ ರಾಗ, ಇಲ್ಲಿ ಒಬ್ಬಳು ಒಣಗಿಹೋಗುತ್ತಿರುವ ಮನೆಯಲ್ಲಿ ಕೇಳಿಸುತ್ತದೆ. ಇದನ್ನು ಕನ್ನಡದ ಕಿವಿ ಬೇಗ ಹಿಡಿಯುತ್ತದೆ ಅಂತ ನನ್ನ ಅನಿಸಿಕೆ.

ಕೊನೆಗೆ ನೀತಾಗೆ ಕ್ಷಯ. ಶಿಲ್ಲಾಂಗ್‌ನ ಆಸ್ಪತ್ರೆಯಲ್ಲಿ ಅವಳು ಅಣ್ಣನಿಗೆ ‘ದಾದಾ, ನಾನು ಬದುಕಬೇಕು ಅಂದುಕೊಂಡಿದ್ದೆ’ ಅಂತ ಕೂಗುತ್ತಾಳೆ. ಕ್ಯಾಮೆರಾ ಬೆಟ್ಟಗಳ ಸುತ್ತ ತಿರುಗುತ್ತದೆ, ಕೂಗು ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತದೆ. ಇಡೀ ಸಿನಿಮಾದಲ್ಲಿ ಅವಳು ತನಗಾಗಿ ದನಿ ಎತ್ತಿದ್ದು ಇದೊಂದೇ ಸಲ.

‘ಕೋಮಲ್ ಗಾಂಧಾರ್’ನಿಂದ ಒಂದೇ ದೃಶ್ಯ ಸಾಕು. ಪದ್ಮಾ ನದಿಯ ದಡ. ಆಚೆ ದಡ ಈಗ ಬೇರೆ ದೇಶ. ಮೊದಲು ಆ ಕಡೆಗೆ ಕರೆದೊಯ್ಯುತ್ತಿದ್ದ ರೈಲುಹಳಿ ಇಲ್ಲೇ ನಿಂತುಹೋಗಿದೆ. ಹಳಿಯ ಮೇಲೆ ಕ್ಯಾಮೆರಾ ಓಡುತ್ತದೆ, ಇನ್ನೂ ಜೋರಾಗಿ ಓಡುತ್ತದೆ, ಕೊನೆಯ ಅಡ್ಡಗಟ್ಟೆಗೆ ಬಂದು ಬಡಿದು ಪರದೆ ಕಪ್ಪಾಗುತ್ತದೆ. ಘಟಕ್ ‘ನೆನಪು’ ಹೇಗೆ ತೋರಿಸುತ್ತಾರೆ ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳಿ. ಇಲ್ಲಿ ಫ್ಲ್ಯಾಶ್‌ಬ್ಯಾಕ್ ಇಲ್ಲ, ಬರೀ ಹಳಿ.

‘ಸುಬರ್ಣರೇಖಾ’ದ ಮೇಲೆ ಪ್ರತ್ಯೇಕ ಟಿಪ್ಪಣಿಯೇ ಬೇಕು, ಅದರಲ್ಲಿ ಜಾತಿಯ ಎಳೆ ದೊಡ್ಡದು. ಚಪ್ಪಲಿ, ಕುದಿತ, ಹಳಿಯಂಥ ದಿನನಿತ್ಯದ ಸಂಗತಿಗಳಿಂದಲೇ ದೊಡ್ಡ ಪೆಟ್ಟನ್ನು ಹೇಳುವ ದಾರಿ ಅಲ್ಲೂ ಇದೆ. ಕುಡಿದ ಅಣ್ಣ, ಕನ್ನಡಕ ಇಲ್ಲದೆ, ಒಬ್ಬ ವೇಶ್ಯೆಯ ಕೋಣೆಗೆ ಬರುತ್ತಾನೆ. ಅಲ್ಲಿರುವವಳು ತಾನೇ ಸಾಕಿದ ತಂಗಿ ಸೀತಾ. ಅವಳು ಪ್ರಾಣ ಕಳೆದುಕೊಳ್ಳುವಾಗ ಕೈಗೆ ಸಿಗುವುದು ತರಕಾರಿ ಹೆಚ್ಚುವ ಈಳಿಗೆ. ಅಡುಗೆಮನೆಯಲ್ಲಿ ದಿನಾ ಕಾಣುವ ವಸ್ತು.

ನೋಡಲು ಕೂತಾಗ ಒಂದು ಕೆಲಸ ಮಾಡಿ. ‘ಮೇಘೆ ಢಾಕಾ ತಾರಾ’ದ ಮೆಟ್ಟಿಲಿನ ದೃಶ್ಯವನ್ನು ಮೊದಲು ಸದ್ದು ಪೂರ್ತಿ ತೆಗೆದು ನೋಡಿ, ಆಮೇಲೆ ಸದ್ದಿನ ಜೊತೆ. ಕೊನೆಯ ದೃಶ್ಯ ಬರುವ ತನಕ ಎದ್ದು ಹೋಗಬೇಡಿ. ಅದೇ ಕಾಲೊನಿಯ ದಾರಿಯಲ್ಲಿ ಇನ್ನೊಬ್ಬ ಹುಡುಗಿ ಬರುತ್ತಾಳೆ. ಅವಳ ಚಪ್ಪಲಿಯೂ ಕಿತ್ತುಹೋಗುತ್ತದೆ. ಶಂಕರ್ ನೋಡುತ್ತಿರುತ್ತಾನೆ. ಅವಳು ಸುಮ್ನೆ ನಕ್ಕು, ಕಾಲೆಳೆಯುತ್ತಾ ಹೋಗುತ್ತಾಳೆ.