ಹೋದ ಪ್ಯಾಕೆಟ್ ಹೋಗಲಿ ಬಿಡಿ

"ಸರ್, ಇಂಟರ್ನೆಟ್ ಹೋದರೂ ನನ್ನ ಐಗೇಟ್ ಒಂದು ಪ್ಯಾಕೆಟ್ಟನ್ನೂ ಬಿಡೋದಿಲ್ಲ. ಎಲ್ಲಾ ಕೂಡಿಟ್ಟುಕೊಂಡು, ಲೈನ್ ಬಂದ ತಕ್ಷಣ ಕಳಿಸಿಬಿಡತ್ತೆ."

ವರ್ಷಕ್ಕೆ ನಾಲ್ಕೈದು ಜನರಾದರೂ ನನಗೆ ಹೀಗೆ ಹೇಳುತ್ತಾರೆ. ಐಗೇಟ್ ಅಂದರೆ ರೇಡಿಯೋದಲ್ಲಿ ಕೇಳಿಸಿದ ಪುಟ್ಟ ಡೇಟಾ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಇಂಟರ್ನೆಟ್‌ಗೆ ದಾಟಿಸುವ ಯಂತ್ರ. ಹೇಳುವಾಗ ಅವರ ಮುಖದಲ್ಲಿ ಖುಷಿ ಇರುತ್ತದೆ. ನಿದ್ದೆಗೆಟ್ಟು ಕೋಡ್ ಬರೆದಿರುತ್ತಾರೆ, ಸ್ವಂತ ದುಡ್ಡು ಹಾಕಿ ಆಂಟೆನಾ ಏರಿಸಿರುತ್ತಾರೆ. ಅಂಥವರಿಗೆ "ಅದನ್ನು ಇವತ್ತೇ ತೆಗೆದುಹಾಕಿ" ಅನ್ನೋದು ನನಗೂ ಕಷ್ಟ. ಆದರೂ ಪ್ರತಿ ಸಲ ಅದನ್ನೇ ಹೇಳುತ್ತೇನೆ. ಯಾಕೆ ಅಂತ ಒಮ್ಮೆ ಪೂರ್ತಿಯಾಗಿ ಬರೆದಿಡುತ್ತೇನೆ.

ನನ್ನ ಕೆಲಸ ನೆಟ್‌ವರ್ಕ್ ಎಂಜಿನಿಯರಿಂಗ್. ಬಿಡುವಿನ ವೇಳೆಯಲ್ಲಿ ಹ್ಯಾಮ್ ರೇಡಿಯೋ, ಅದರಲ್ಲೂ ಎಪಿಆರ್‌ಎಸ್, ಅಂದರೆ ಸ್ಥಾನ, ಹವಾಮಾನ, ಚಿಕ್ಕ ಸಂದೇಶಗಳನ್ನು ರೇಡಿಯೋದಲ್ಲಿ ಕಳಿಸುವ ವ್ಯವಸ್ಥೆ. ಇಂಟರ್ನೆಟ್ ಮೇಲೆ ಅದನ್ನು ಹೊತ್ತೊಯ್ಯುವ ಎಪಿಆರ್‌ಎಸ್-ಐಎಸ್ ಜಾಲದ ಒಂದು ಸರ್ವರ್ ನೋಡಿಕೊಳ್ಳುವ ಕೆಲವರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ, ಪಾಳಿ ಇಲ್ಲ, ಯಾರಿಗೆ ಬಿಡುವಿದೆಯೋ ಅವರು ನೋಡುತ್ತಾರೆ.  

ಮೊದಲು ಒಂದು ಸೈಕಲ್ ಸ್ಪರ್ಧೆಯ ವಿಷಯ. ನಮ್ಮ ಗುಂಪು ಸಂಪರ್ಕದ ಹೊಣೆ ಹೊತ್ತಿತ್ತು. ಆಂಬುಲೆನ್ಸ್‌ಗಳಲ್ಲಿ ತಾವಿರುವ ಸ್ಥಾನವನ್ನು ರೇಡಿಯೋದಲ್ಲಿ ಕಳಿಸುತ್ತಿರುವ ಟ್ರ್ಯಾಕರ್ ಇಟ್ಟಿದ್ದೆವು. ನಾನು ನಕ್ಷೆಯ ಮುಂದೆ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ತಿರುವಿನಲ್ಲಿ ಒಬ್ಬ ಸವಾರ ಬಿದ್ದ ಅಂತ ಸುದ್ದಿ ಬಂತು. ಹತ್ತಿರದ ಆಂಬುಲೆನ್ಸ್ ಯಾವುದು ಅಂತ ನೋಡಿದರೆ, ಎರಡು ನಿಮಿಷದ ಹಿಂದೆ ಅದೇ ತಿರುವಿನ ಹತ್ತಿರ ಇದ್ದ ಗಾಡಿ ಈಗ ಎಂಟು ಕಿಲೋಮೀಟರ್ ಹಿಂದೆ ಕಾಣುತ್ತಿದೆ! ಇನ್ನೊಂದು ಗಾಡಿಗೆ ಹೊರಡಿ ಅಂತ ಹೇಳಿಯೂ ಬಿಟ್ಟೆವು. ಆಮೇಲೆ ಅನುಮಾನ ಬಂದು ಮೊದಲ ಗಾಡಿಯ ಡ್ರೈವರ್‌ಗೆ ಮಾತಿನ ಚಾನಲ್‌ನಲ್ಲಿ ಕರೆದು ಕೇಳಿದರೆ, "ನಾನು ತಿರುವಿನಲ್ಲೇ ಇದ್ದೀನಿ, ಬಿದ್ದವನು ನನಗೆ ಕಾಣ್ತಾ ಇದ್ದಾನೆ" ಅಂದ. ಸವಾರನಿಗೆ ತರಚಿದ ಗಾಯ ಅಷ್ಟೇ, ಪುಣ್ಯ. ಆದರೆ ಮೂರು ನಿಮಿಷ ವ್ಯರ್ಥವಾಯಿತು.

ಸಂಜೆ ಕಚ್ಚಾ ಪ್ಯಾಕೆಟ್‌ಗಳನ್ನು ತೆಗೆದು ನೋಡಿದೆವು. ಗುಡ್ಡದ ಮೇಲಿನ ಒಂದು ಐಗೇಟ್ ಮೊಬೈಲ್ ಡೇಟಾ ಮೇಲೆ ನಡೆಯುತ್ತಿತ್ತು. ಅದರ ಲೈನ್ 11 ನಿಮಿಷ ಹೋಗಿತ್ತು. ಅಷ್ಟೂ ಹೊತ್ತು ಕೇಳಿಸಿಕೊಂಡಿದ್ದನ್ನೆಲ್ಲ ಅದು ಕೂಡಿಟ್ಟುಕೊಂಡಿತ್ತು, ಲೈನ್ ಬಂದಾಗ ಒಂದೇ ಉಸಿರಿಗೆ ಸುರಿದುಬಿಟ್ಟಿತ್ತು. ಅದನ್ನು ಬರೆದ ಹುಡುಗ ತುಂಬಾ ಒಳ್ಳೆಯ ಎಂಜಿನಿಯರ್. ಆಫೀಸಿನಲ್ಲಿ ಹಣದ ವಹಿವಾಟಿನ ಸಾಫ್ಟ್‌ವೇರ್ ಬರೆಯುತ್ತಾನೆ. ಅಲ್ಲಿ ಒಂದು ಸಂದೇಶ ಕಳೆದರೂ ದೊಡ್ಡ ತಪ್ಪು. ಅದೇ ಅಭ್ಯಾಸದಲ್ಲಿ ಇಲ್ಲೂ ಕ್ಯೂ ಇಟ್ಟಿದ್ದ. ಅವನ ಕೆಲಸದಲ್ಲಿ ಅದು ಸರಿಯಾದ ಪದ್ಧತಿಯೇ, ಆದರೆ ಇಲ್ಲಿ ಹಾಗಲ್ಲ.

ಎಪಿಆರ್‌ಎಸ್‌ನಲ್ಲಿ ಕಳೆದುಹೋದ ಪ್ಯಾಕೆಟ್‌ನಿಂದ ಆಗುವ ನಷ್ಟ ಸಣ್ಣದು. ತಡವಾಗಿ ಬಂದ ಪ್ಯಾಕೆಟ್ ಸುಳ್ಳು ಹೇಳುತ್ತದೆ. ಈ ಒಂದು ವಿಷಯ ಜನರ ತಲೆಗೆ ಹೋಗಲಿ ಅಂತ ಎಷ್ಟು ವರ್ಷದಿಂದ ಒದ್ದಾಡುತ್ತಿದ್ದೇನೋ ಲೆಕ್ಕ ಇಲ್ಲ.

ಸುಳ್ಳು ಹೇಗೆ? ಹೆಚ್ಚಿನ ಟ್ರ್ಯಾಕರ್‌ಗಳು ಕಳಿಸುವ ಸ್ಥಾನದ ಪ್ಯಾಕೆಟ್‌ನಲ್ಲಿ ಗಂಟೆ ನಿಮಿಷ ಇರುವುದೇ ಇಲ್ಲ. ಅಕ್ಷಾಂಶ, ರೇಖಾಂಶ, ಚಿಹ್ನೆ, ಬೇಕಿದ್ದರೆ ವೇಗ, ಇಷ್ಟೇ. ಸಮಯ ಬರೆಯುವ ರೂಪವೂ ಪ್ರೋಟೋಕಾಲ್‌ನಲ್ಲಿ ಇದೆ, ಬಳಸುವವರು ಕಮ್ಮಿ. ಹಾಗಾಗಿ ನೋಡುವವರು "ಬಂದ ಹೊತ್ತೇ ಕಳಿಸಿದ ಹೊತ್ತು" ಅಂತಲೇ ತಿಳಿಯಬೇಕು. ಹತ್ತು ನಿಮಿಷದ ಹಿಂದಿನ ಪ್ಯಾಕೆಟ್ ಈಗ ಬಂದರೆ, ಗಾಡಿ ಈಗ ಅಲ್ಲಿದೆ ಅಂತಲೇ ಅರ್ಥ. "ಹಾಗಾದರೆ ಐಗೇಟಿನಲ್ಲೇ ಸಮಯ ಸೇರಿಸಿಬಿಡ್ತೀನಿ" ಅಂತ ಕೆಲವರು ಕೇಳುತ್ತಾರೆ. ಬೇಡ. ಪ್ಯಾಕೆಟ್‌ನ ಒಳಗಿನ ಮಾಹಿತಿಯನ್ನು ಐಗೇಟ್ ಮುಟ್ಟಬಾರದು, ಬಂದ ಹಾಗೆಯೇ ದಾಟಿಸಬೇಕು.

ಮುಟ್ಟಿದರೆ ಏನಾಗುತ್ತದೆ ಅಂತ ಗೊತ್ತಾಗಬೇಕಾದರೆ ನಕಲು ತೆಗೆಯುವ ಕ್ರಮ ಗೊತ್ತಿರಬೇಕು. ಒಂದು ಟ್ರ್ಯಾಕರ್ ಒಮ್ಮೆ ಕೂಗಿದ್ದನ್ನು ಐದು ಐಗೇಟ್‌ಗಳು ಕೇಳಿಸಿಕೊಳ್ಳಬಹುದು. ಐದೂ ಸರ್ವರ್‌ಗೆ ಕಳಿಸುತ್ತವೆ. ಸರ್ವರ್ ಯಾರು ಕಳಿಸಿದರು, ಯಾವ ವಿಳಾಸಕ್ಕೆ, ಒಳಗೆ ಏನಿದೆ ಅನ್ನೋದನ್ನು ಹೋಲಿಸಿ, ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದ ನಾಲ್ಕನ್ನು ಬಿಸಾಡುತ್ತದೆ. ಬಂದ ದಾರಿಯನ್ನು ಈ ಹೋಲಿಕೆಯಲ್ಲಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಒಳಗಿನ ಒಂದು ಅಕ್ಷರ ಬದಲಾದರೂ ಸರ್ವರ್ ಪಾಲಿಗೆ ಅದು ಬೇರೆ ಪ್ಯಾಕೆಟ್. ಇನ್ನು ಈ ನೆನಪು ಇರುವುದು 30 ಸೆಕೆಂಡ್ ಮಾತ್ರ. ಅದು ದಾಟಿದ ಮೇಲೆ ಅದೇ ಪ್ಯಾಕೆಟ್ ಬಂದರೂ ಹೊಸದು ಅಂತಲೇ ಲೆಕ್ಕ. ಜಾಲದಲ್ಲಿ ಎಲ್ಲರಿಗೂ ಹೋಗುತ್ತದೆ. ಕೆಲವು ನಕ್ಷೆಗಳು "ಗಾಡಿ ಇಷ್ಟು ಬೇಗ ಓಡೋಕೆ ಸಾಧ್ಯ ಇಲ್ಲ" ಅಂತ ಲೆಕ್ಕ ಹಾಕಿ ಅಂಥ ಸ್ಥಾನಗಳನ್ನು ತಳ್ಳಿಹಾಕುತ್ತವೆ, ನಿಜ. ಆದರೆ ಪಕ್ಕದ ಬೀದಿಗೆ ಹಿಂದೆ ಹಾರಿದ ಗಾಡಿಯನ್ನು ಯಾವ ಲೆಕ್ಕವೂ ಹಿಡಿಯುವುದಿಲ್ಲ.

ಇನ್ನೊಂದು ಮಾತು. ರೇಡಿಯೋ ಮೇಲೆ ಹೋಗುವ ಎಪಿಆರ್‌ಎಸ್ ಪ್ಯಾಕೆಟ್, ಹ್ಯಾಮ್ ರೇಡಿಯೋದ ಎಎಕ್ಸ್.25 ಅನ್ನೋ ಪ್ರೋಟೋಕಾಲ್‌ನ ಯುಐ ಫ್ರೇಮ್, ಅಂದರೆ ಕಳಿಸಿ ಮರೆತುಬಿಡುವ ಬಗೆಯದು. ಅದಕ್ಕೆ "ಮುಟ್ಟಿತು" ಅನ್ನೋ ಉತ್ತರವೇ ಇಲ್ಲ. 1200 ಬಾಡ್‌ನ (ಸೆಕೆಂಡಿಗೆ 1200 ಬಿಟ್) ಗದ್ದಲದ ಚಾನಲ್‌ನಲ್ಲಿ ಎಷ್ಟೋ ಪ್ಯಾಕೆಟ್ ಒಂದರ ಮೇಲೊಂದು ಬಿದ್ದು ಹಾಳಾಗುತ್ತವೆ. ಎಪಿಆರ್‌ಎಸ್ ಕಟ್ಟಿದ ಬಾಬ್ ಬ್ರುನಿಂಗಾ, 2022ರಲ್ಲಿ ತೀರಿಕೊಂಡರು, ಇದು ಬರೀ ಗಾಡಿ ಹಿಂಬಾಲಿಸುವ ಸಾಧನ ಅಲ್ಲ, ಈ ಕ್ಷಣದಲ್ಲಿ ಸುತ್ತಮುತ್ತ ಏನು ನಡೀತಿದೆ ಅಂತ ಹೇಳುವ ವ್ಯವಸ್ಥೆ ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಇಲ್ಲಿ ನಂಬಿಕೆ ನಿಂತಿರುವುದು ಮತ್ತೆ ಹೇಳುವುದರ ಮೇಲೆ. ಈ ಪ್ಯಾಕೆಟ್ ಹೋಯಿತಾ, ಒಂದೆರಡು ನಿಮಿಷದಲ್ಲಿ ಇನ್ನೊಂದು ಬರುತ್ತದೆ. ಅದು ಹೊಸ ಸುದ್ದಿ, ನಿಜವಾದ ಸುದ್ದಿ. ಹಳೆಯದನ್ನು ಯಾಕೆ ಕಾಯಬೇಕು, ಅಲ್ವಾ?

ಈಗ ಜಾಸ್ತಿ ಜನ ಎಡವುವ ಜಾಗಕ್ಕೆ ಬರುತ್ತೇನೆ. "ನಾನು ಕ್ಯೂ ಗೀ ಏನೂ ಬರೆದಿಲ್ಲ ಸರ್, ಆದರೂ ನನ್ನ ಐಗೇಟಿನಿಂದ ಹಳೇ ಪ್ಯಾಕೆಟ್ ಬರ್ತಾ ಇದೆಯಂತೆ." ಹೌದು, ಬರುತ್ತದೆ. ಕ್ಯೂ ನೀವು ಬರೆಯಬೇಕಾಗಿಲ್ಲ, ಇಂಟರ್ನೆಟ್‌ನಲ್ಲಿ ಡೇಟಾ ತಪ್ಪದೆ ಮುಟ್ಟಿಸುವ ಟಿಸಿಪಿ ಒಳಗೇ ಇದೆ. ನಿಮ್ಮ ಪ್ರೋಗ್ರಾಂ ಸಾಕೆಟ್‌ಗೆ, ಅಂದರೆ ಕನೆಕ್ಷನ್‌ನ ಈ ತುದಿಗೆ, ಬರೆಯುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅದನ್ನು ತನ್ನ ಬಫರ್‌ಗೆ (ತಾತ್ಕಾಲಿಕ ಜಾಗಕ್ಕೆ) ಹಾಕಿಕೊಂಡು "ಆಯ್ತು" ಅನ್ನುತ್ತದೆ. ಆ "ಆಯ್ತು" ಅಂದರೆ ಸರ್ವರ್‌ಗೆ ಮುಟ್ಟಿತು ಅಂತ ಅಲ್ಲ, ನಿಮ್ಮ ಮಷಿನ್‌ನ ಒಳಗೇ ಇನ್ನೊಂದು ಕೋಣೆಗೆ ಹೋಯಿತು ಅಂತ ಅಷ್ಟೇ. ಲೈನ್ ಸತ್ತಿದ್ದರೆ ಕರ್ನಲ್ ಮತ್ತೆ ಮತ್ತೆ ಕಳಿಸಿ ನೋಡುತ್ತದೆ, ಪ್ರತಿ ಸಲ ಇನ್ನಷ್ಟು ಹೊತ್ತು ಕಾಯುತ್ತದೆ. ಲಿನಕ್ಸ್‌ನಲ್ಲಿ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಅದು ಕೈಬಿಡುವುದಕ್ಕೆ ಸುಮಾರು 15 ನಿಮಿಷ. ಅಷ್ಟರೊಳಗೆ ಲೈನ್ ಬಂದರೆ, ಬಫರ್‌ನಲ್ಲಿದ್ದ ಎಲ್ಲವೂ ಕ್ರಮವಾಗಿ, ಒಂದೂ ತಪ್ಪದೆ ಹೋಗಿ ಮುಟ್ಟುತ್ತದೆ. ಟಿಸಿಪಿ ಇರುವುದೇ ಅದಕ್ಕೆ. ಆದರೆ ನಿಮ್ಮ ಪ್ರೋಗ್ರಾಂಗೆ ಇದ್ಯಾವುದೂ ಕಾಣುವುದಿಲ್ಲ, ಎಲ್ಲಾ ಸರಿಯಾಗಿದೆ ಅಂತಲೇ ಅಂದುಕೊಂಡಿರುತ್ತದೆ.

ಇದಕ್ಕೆ ಪರಿಹಾರ ಸರ್ವರ್ ಕಡೆಯಿಂದಲೇ ಸಿಗುತ್ತದೆ. ಕಳಿಸೋಕೆ ಬೇರೇನೂ ಇಲ್ಲದಿದ್ದರೂ ಸರ್ವರ್ ಸುಮಾರು 20 ಸೆಕೆಂಡ್‌ಗೊಮ್ಮೆ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಒಂದು ಸಾಲು ಕಳಿಸುತ್ತದೆ. ಬಹಳ ಜನ ಅದನ್ನು ಕಸ ಅಂತ ಎಸೆಯುತ್ತಾರೆ. ಅದು ನಾಡಿಬಡಿತ. ಒಂದು ನಿಮಿಷ ಆ ಕಡೆಯಿಂದ ಏನೂ ಬರಲಿಲ್ಲ ಅಂದರೆ ಕನೆಕ್ಷನ್ ಸತ್ತಿದೆ ಅಂತ ತಿಳಿಯಿರಿ, ಮುರಿದುಹಾಕಿ. ಸುಮ್ನೆ ಮುಚ್ಚಿದರೆ ಸಾಲದು. ಸಾಕೆಟ್ ಮುಚ್ಚಿದ ಮೇಲೂ ಕರ್ನಲ್ ಉಳಿದದ್ದನ್ನು ಕಳಿಸೋಕೆ ಸ್ವಲ್ಪ ಹೊತ್ತು ನೋಡುತ್ತದೆ. ಸಾಕೆಟ್‌ನ ಲಿಂಗರ್ ಆಯ್ಕೆಯನ್ನು ಆನ್ ಮಾಡಿ, ಸಮಯ ಸೊನ್ನೆ ಕೊಟ್ಟು ಮುಚ್ಚಿದರೆ ಬಫರ್‌ನಲ್ಲಿದ್ದದ್ದು ಅಲ್ಲೇ ಹೋಗುತ್ತದೆ. ಲಿನಕ್ಸ್‌ನಲ್ಲಿ ಟಿಸಿಪಿ ಯೂಸರ್ ಟೈಮ್‌ಔಟ್ ಅನ್ನೋ ಇನ್ನೊಂದು ಆಯ್ಕೆ ಇದೆ. ಉತ್ತರ ಬರದ ಡೇಟಾ ಇಷ್ಟು ಹೊತ್ತಿಗಿಂತ ಜಾಸ್ತಿ ಉಳಿದರೆ ಕನೆಕ್ಷನ್ ಮುರಿ ಅಂತ ಅದಕ್ಕೆ ಹೇಳಬಹುದು. ನಾನು 20 ಸೆಕೆಂಡ್ ಇಡುತ್ತೇನೆ, ನಕಲು ನೋಡುವ 30 ಸೆಕೆಂಡಿನ ಗಡಿಯೊಳಗೆ ಇರಲಿ ಅಂತ. ನಿಮ್ಮ ಲೈನ್ ತುಂಬಾ ನಿಧಾನ ಆಗಿದ್ದರೆ ಈ ಅಂಕಿಯನ್ನು ನೀವೇ ಪರೀಕ್ಷೆ ಮಾಡಿ ಹೊಂದಿಸಿಕೊಳ್ಳಬೇಕು. ಒಂದೇ ಅಂಕಿ ಎಲ್ಲರಿಗೂ ಸರಿ ಅಂತ ನಾನು ಹೇಳಲಾರೆ.

ಮುರಿದ ಮೇಲೆ ಮತ್ತೆ ಸೇರಿಕೊಳ್ಳುವಾಗ ದಯವಿಟ್ಟು ತಾಳ್ಮೆ ಇರಲಿ. ಸೆಕೆಂಡಿಗೆ ಹತ್ತು ಸಲ ಬಾಗಿಲು ಬಡಿಯುವ ಐಗೇಟ್‌ಗಳನ್ನು ನೋಡಿದ್ದೇನೆ, ಆಗತಾನೇ ಎದ್ದ ಸರ್ವರ್‌ಗೆ ಅದು ಪೆಟ್ಟು. ಹತ್ತು ಸೆಕೆಂಡ್ ಕಾಯಿರಿ, ಆಮೇಲೆ ಇಪ್ಪತ್ತು, ನಲವತ್ತು, ಹೀಗೆ ಒಂದು ಮಿತಿಯವರೆಗೆ, ಜೊತೆಗೆ ಸ್ವಲ್ಪ ಹೆಚ್ಚುಕಮ್ಮಿ ಆಗುವ ಹಾಗೆ. ಐಪಿ ವಿಳಾಸ ಬರೆದಿಡಬೇಡಿ. ರೊಟೇಟ್ ಡಾಟ್ ಎಪಿಆರ್‌ಎಸ್2 ಡಾಟ್ ನೆಟ್ ಥರದ ಹೆಸರು ಹಾಕಿ, ಪ್ರತಿ ಸಲವೂ ಆ ಹೆಸರಿನ ವಿಳಾಸವನ್ನು ಹೊಸದಾಗಿ ಕೇಳಿ, ಪೋರ್ಟ್ 14580. ಈ ಹೆಸರಿನ ಹಿಂದೆ ಸರ್ವರ್‌ಗಳ ಒಂದು ಪಟ್ಟಿ ಇದೆ, ಕೆಟ್ಟ ಸರ್ವರ್‌ಗಳನ್ನು ಅದರಿಂದ ತೆಗೆಯುವ ಕೆಲಸ ನಡೆಯುತ್ತಿರುತ್ತದೆ. ನೀವು ಶುರುವಿನಲ್ಲಿ ಒಮ್ಮೆ ಕೇಳಿ ಅದನ್ನೇ ಹಿಡಿದು ಕೂತರೆ ಆ ಶ್ರಮವೆಲ್ಲ ನಿಮಗೆ ಸಿಗುವುದಿಲ್ಲ. ಭದ್ರತೆಗೆ ಇರಲಿ ಅಂತ ಒಟ್ಟಿಗೇ ಎರಡು ಸರ್ವರ್‌ಗೆ ಸೇರುವುದೂ ಬೇಡ. ಎರಡನೆಯ ಪ್ರತಿ ಹೇಗಿದ್ದರೂ ನಕಲು ಅಂತ ಬಿದ್ದುಹೋಗುತ್ತದೆ. ನಿಮ್ಮ ಐಗೇಟ್ ರೇಡಿಯೋಗೂ ದಾಟಿಸುತ್ತದೆ ಅಂತಾದರೆ ಒಂದೇ ಸಂದೇಶ ಎರಡು ಕಡೆಯಿಂದ ಬಂದು ಎರಡು ಸಲ ಗಾಳಿಗೆ ಹೋಗುವ ಅಪಾಯ ಬೇರೆ.

ಸಂದೇಶ ಅಂದಾಗ ನೆನಪಾಯಿತು. "ಸ್ಥಾನ ಬಿಡಿ, ಸಂದೇಶ ಮುಖ್ಯ ಅಲ್ವಾ, ಅದನ್ನಾದರೂ ಕೂಡಿಡಬೇಕಲ್ಲ" ಅಂತ ಕೇಳುತ್ತಾರೆ. ಪ್ರಶ್ನೆ ಒಳ್ಳೆಯದು. ಎಪಿಆರ್‌ಎಸ್ ಸಂದೇಶಕ್ಕೆ ಸಂಖ್ಯೆ ಇದ್ದರೆ, ಪಡೆದವರು "ಸಿಕ್ಕಿತು" ಅಂತ ಉತ್ತರ ಕಳಿಸುತ್ತಾರೆ, ಬರೋವರೆಗೆ ಕಳಿಸಿದವರ ಯಂತ್ರ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆ ಹೊಣೆ ಎರಡು ತುದಿಗಳದ್ದು. ನಡುವೆ ಇರುವ ನೀವು ಕೂಡಿಟ್ಟು ಆಮೇಲೆ ರೇಡಿಯೋಗೆ ಸುರಿದರೆ, ಅದೇ ಸಂದೇಶದ ನಾಲ್ಕೈದು ಪ್ರತಿ ಒಟ್ಟಿಗೆ ಬರುತ್ತವೆ. 1200 ಬಾಡ್‌ನಲ್ಲಿ 90 ಬೈಟ್‌ನ ಒಂದು ಪ್ಯಾಕೆಟ್‌ಗೆ, ರೇಡಿಯೋ ಎದ್ದು ನಿಲ್ಲುವ ಹೊತ್ತೂ ಸೇರಿ, ಹೆಚ್ಚುಕಮ್ಮಿ ಒಂದು ಸೆಕೆಂಡ್ ಬೇಕು. ಮೂವತ್ತು ಹಳೇ ಪ್ಯಾಕೆಟ್ ರೇಡಿಯೋಗೆ ಬಿಟ್ಟರೆ ಅರ್ಧ ನಿಮಿಷ ಆ ಚಾನಲ್ ಯಾರಿಗೂ ಇಲ್ಲ. ಆ ಅರ್ಧ ನಿಮಿಷದಲ್ಲಿ ಯಾರಿಗೆ ಸಹಾಯ ಬೇಕಿತ್ತೋ ನಮಗೆ ಗೊತ್ತಾಗುವುದೂ ಇಲ್ಲ.

ಡೇಟಾ ಕಳೆಯಬಾರದು ಅನ್ನೋ ಆಸೆ ತಪ್ಪಲ್ಲ. ಹವಾಮಾನ ನೋಡುವವರಿಗೆ, ಬಲೂನ್ ಹಾರಿಸುವವರಿಗೆ ಹಳೆಯ ಅಂಕಿಗಳು ನಿಜಕ್ಕೂ ಬೇಕು. ಐಗೇಟ್ ಕೇಳಿಸಿಕೊಂಡದ್ದನ್ನೆಲ್ಲ ಸಮಯದ ಜೊತೆ ನಿಮ್ಮ ಡಿಸ್ಕ್‌ನಲ್ಲಿ ಬರೆದಿಡಿ. ಬೇಕಾದವರಿಗೆ ಆ ಕಡತ ಕೊಡಿ. ಬಲೂನಿನ ಟ್ರ್ಯಾಕರ್ ತಾನೇ ಸಮಯ ಹಾಕಿ ಹಳೆಯ ಸ್ಥಾನ ಕಳಿಸಿದರೆ ಅದು ಬೇರೆ, ಅದು ತನ್ನ ವಯಸ್ಸನ್ನು ತಾನೇ ಹೇಳಿಕೊಂಡು ಬರುತ್ತದೆ. ನೇರ ಜಾಲಕ್ಕೆ ಮಾತ್ರ ಕೂಡಿಟ್ಟದ್ದನ್ನು ಸುರಿಯಬೇಡಿ.

ನಿಮ್ಮ ಐಗೇಟ್ ಹೇಗಿದೆ ಅಂತ ನೋಡಬೇಕಾ? ರೌಟರ್‌ಗೆ ಹೊರಗಿನಿಂದ ಬರುವ ಕೇಬಲ್ ಕಿತ್ತುಬಿಡಿ. ಐಗೇಟ್‌ನ ಪಕ್ಕದ ಕೇಬಲ್ ಕೀಳಬೇಡಿ, ಅದನ್ನು ಕಿತ್ತರೆ ಮಷಿನ್‌ಗೆ ತಕ್ಷಣ ಗೊತ್ತಾಗಿಬಿಡಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ, ಇನ್ನೊಂದು ಕಡೆಯಿಂದ ನಿಮ್ಮ ಕಾಲ್‌ಸೈನ್ (ಹ್ಯಾಮ್ ಗುರುತಿನ ಹೆಸರು) ಮೂಲಕ ಬಂದ ಕಚ್ಚಾ ಪ್ಯಾಕೆಟ್‌ಗಳನ್ನು ನೋಡಿ. ಒಂದೇ ಸೆಕೆಂಡಿನಲ್ಲಿ ರಾಶಿ ಪ್ಯಾಕೆಟ್ ಬಂದಿದ್ದರೆ ಮೇಲೆ ಹೇಳಿದ ಕೆಲಸ ಬಾಕಿ ಇದೆ. ಹತ್ತು ನಿಮಿಷ ಖಾಲಿ ಇದ್ದು, ಆಮೇಲೆ ಒಂದೊಂದಾಗಿ ಬರೋಕೆ ಶುರುವಾಗಿದ್ದರೆ ಐಗೇಟ್ ಸರಿಯಾಗಿದೆ. ಆ ಸೈಕಲ್ ಸ್ಪರ್ಧೆಯ ಹುಡುಗ ಈಗ ತಿಂಗಳಿಗೊಮ್ಮೆ ಹೀಗೆ ಕೇಬಲ್ ಕೀಳುತ್ತಾನೆ, ಖಾಲಿ ಇರುವ ಆ ಹತ್ತು ನಿಮಿಷದ ಚಿತ್ರವನ್ನು ನನಗೆ ಕಳಿಸುತ್ತಾನೆ.