ರೆಡ್‌ಫೇಸ್: ಮುಂದೆ ಬಣ್ಣದ ಮುಖ, ಹಿಂದೆ ನಿಂತ ಜನ

ಕನ್ನಡದಲ್ಲಿ ‘ಬಣ್ಣ ಹಚ್ಚು’ ಅಂದರೆ ಬರೀ ಮೇಕಪ್ ಅಲ್ಲ, ನಟಿಸುವುದೇ ಅದು. ‘ಚಿಕ್ಕ ವಯಸ್ಸಿಗೇ ಬಣ್ಣ ಹಚ್ಚಿದರು’ ಅಂತ ಕಲಾವಿದರ ಬಗ್ಗೆ ಗೌರವದಿಂದ ಹೇಳುತ್ತೇವೆ. ಹಾಗಾಗಿ ‘ರೆಡ್‌ಫೇಸ್’ ಅನ್ನುವ ಪದ ಮೊದಲ ಸಲ ಕಿವಿಗೆ ಬಿದ್ದಾಗ ಇದರಲ್ಲಿ ತಪ್ಪೇನು ಅಂತ ನಮಗೆ ಹೊಳೆಯುವುದೇ ಇಲ್ಲ. ಯಕ್ಷಗಾನದ ಬಣ್ಣದ ವೇಷದವರು ರಾಕ್ಷಸರಾಗುತ್ತಾರೆ, ಅಲ್ವಾ? ಹೌದು. ಆದರೆ ಆಟ ಮುಗಿದ ಮಾರನೇ ದಿನ ‘ಆ ರಾಕ್ಷಸ ನೀನೇ’ ಅನ್ನಿಸಿಕೊಂಡು ಶಾಲೆಗೆ ಹೋಗಬೇಕಾದ ಮಗು ಊರಲ್ಲಿ ಇರುವುದಿಲ್ಲ. ಅಮೆರಿಕದಲ್ಲಿ ಅಂಥ ಮಕ್ಕಳಿದ್ದರು.

ಅಮೆರಿಕದ ಮೂಲನಿವಾಸಿಗಳ ಪಾತ್ರವನ್ನು ಆ ಜನರಲ್ಲದ ನಟರು, ಹೆಚ್ಚಾಗಿ ಬಿಳಿಯರು, ಮೈಗೆ ಕಂದುಗೆಂಪು ಬಣ್ಣ ಬಳಿದು, ಕಪ್ಪು ವಿಗ್ ಹಾಕಿ ಮಾಡುವುದಕ್ಕೆ ರೆಡ್‌ಫೇಸ್ ಅನ್ನುತ್ತಾರೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಆಡಿಕೊಳ್ಳುತ್ತಿದ್ದ ‘ಬ್ಲ್ಯಾಕ್‌ಫೇಸ್’ ಇದೆಯಲ್ಲ, ಅದರ ಅಚ್ಚಿನಲ್ಲೇ ಮಾಡಿದ ಪದ. ಇಲ್ಲಿರುವ ‘ರೆಡ್’ ಮತ್ತು ‘ರೆಡ್‌ಸ್ಕಿನ್’ ಅನ್ನುವ ಬೈಗುಳದ ‘ರೆಡ್’ ಎರಡೂ ಒಂದೇ. ನಾವು ಸುಮ್ನೆ ಅಭ್ಯಾಸದಿಂದ ಹೇಳುವ ‘ರೆಡ್ ಇಂಡಿಯನ್’ ಕೂಡ ಅದೇ ಸಾಲಿನದು. ನಾನಂತೂ ಆ ಪದ ಬಿಟ್ಟಿದ್ದೇನೆ. ನವಾಹೊ, ಚೆಯೆನ್, ಮೋಹಾಕ್ ಅಂತ ಆಯಾ ಜನರ ಹೆಸರು ಗೊತ್ತಿದ್ದರೆ ಅದನ್ನೇ ಹೇಳುವುದು ಮೇಲು.

‘ಆಗ ಮೂಲನಿವಾಸಿ ನಟರೇ ಇರಲಿಲ್ಲ, ಏನು ಮಾಡೋದು?’ ಅಂತ ಕೇಳುವವರಿದ್ದಾರೆ. ಇದ್ದರು. 1914ರ ‘ದಿ ಸ್ಕ್ವಾ ಮ್ಯಾನ್’ ಹಾಲಿವುಡ್‌ನಲ್ಲಿ ತಯಾರಾದ ಮೊದಮೊದಲ ಪೂರ್ಣ ಉದ್ದದ ಚಿತ್ರಗಳಲ್ಲಿ ಒಂದು. ಅದರ ನಾಯಕಿ ಲಿಲಿಯನ್ ಸೇಂಟ್ ಸಿರ್, ನೆಬ್ರಾಸ್ಕಾದ ಹೋ-ಚಂಕ್ ಜನರ ಹೆಣ್ಣುಮಗಳು. ಪರದೆಯ ಮೇಲೆ ‘ರೆಡ್ ವಿಂಗ್’ ಅಂತ ಹೆಸರು. ಅದೇ ಚಿತ್ರಕ್ಕೆ ನಿಜವಾದ ಕೂದಲಿನ ವಿಗ್‌ಗಳನ್ನು ಬಾಡಿಗೆಗೆ ಕೊಟ್ಟವರು ಮ್ಯಾಕ್ಸ್ ಫ್ಯಾಕ್ಟರ್, ಮುಂದೆ ಮೇಕಪ್ ಲೋಕದಲ್ಲಿ ದೊಡ್ಡ ಹೆಸರಾದವರು. ದುಬಾರಿ ವಿಗ್‌ಗಳು ಕಳೆದುಹೋಗಬಾರದು ಅಂತ ತಮ್ಮ ಮಕ್ಕಳನ್ನೇ ಮೂಲನಿವಾಸಿಗಳ ವೇಷದಲ್ಲಿ ಗುಂಪಿನೊಳಗೆ ನಿಲ್ಲಿಸಿದರು. ಒಂದೇ ಸೆಟ್ಟಿನಲ್ಲಿ ನಿಜದ ಹೋ-ಚಂಕ್ ನಾಯಕಿ, ಪಕ್ಕದಲ್ಲೇ ವಿಗ್ ಹಾಕಿದ ಹುಡುಗರು. ಮುಂದಿನ ದಶಕಗಳಲ್ಲಿ ಗೆದ್ದದ್ದು ವಿಗ್.

1950ರ ‘ಬ್ರೋಕನ್ ಆ್ಯರೋ’ ಮೂಲನಿವಾಸಿಗಳನ್ನು ಮನುಷ್ಯರಾಗಿ ತೋರಿಸಿತು ಅಂತ ಹೊಗಳಿಸಿಕೊಂಡ ಚಿತ್ರ. ಅದರಲ್ಲಿ ಅಪಾಚಿ ನಾಯಕ ಕೊಚೀಸ್ ಆಗಿದ್ದು ಬ್ರೂಕ್ಲಿನ್‌ನ ಯಹೂದಿ ಮನೆತನದ ಜೆಫ್ ಚಾಂಡ್ಲರ್. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಕೆನಡಾದ ಮೋಹಾಕ್ ನಟ ಜೇ ಸಿಲ್ವರ್‌ಹೀಲ್ಸ್ ಅದೇ ಚಿತ್ರದಲ್ಲಿದ್ದರು, ಜೆರೊನಿಮೊ ಆಗಿ, ಒಂದು ಚಿಕ್ಕ ಪಾತ್ರದಲ್ಲಿ. ಒಳ್ಳೆ ಮನಸ್ಸಿನಿಂದ ತೆಗೆದ ಚಿತ್ರದಲ್ಲೂ ದೊಡ್ಡ ಪಾತ್ರ ಬಣ್ಣ ಬಳಿದವರಿಗೇ ಹೋಯಿತು.

ಇದನ್ನು ಹತ್ತಿರದಿಂದ ನೋಡಬೇಕಾದರೆ ನಿರ್ದೇಶಕ ಜಾನ್ ಫೋರ್ಡ್ ಅವರ 1956ರ ‘ದಿ ಸರ್ಚರ್ಸ್’ ನೋಡಿ. ಕಥೆ ನಡೆಯುವುದು ಟೆಕ್ಸಸ್‌ನಲ್ಲಿ, ಚಿತ್ರೀಕರಣ ಆಗಿದ್ದು ಅರಿಜೋನಾ ಮತ್ತು ಯೂಟಾ ಗಡಿಯ ಮಾನ್ಯುಮೆಂಟ್ ವ್ಯಾಲಿಯಲ್ಲಿ. ಅದು ನವಾಹೊ ನೆಲ. ಕೊಮಾಂಚಿ ನಾಯಕ ಸ್ಕಾರ್ ಪಾತ್ರದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್. ಚಿತ್ರದ ನಾಯಕ ಜಾನ್ ವೇಯ್ನ್ ಮತ್ತು ಸ್ಕಾರ್ ಎದುರುಬದುರು ನಿಲ್ಲುವ ದೃಶ್ಯದಲ್ಲಿ ಕ್ಯಾಮೆರಾ ಹತ್ತಿರ ಹೋಗುತ್ತದೆ. ಕಂದು ಬಳಿದ ಮುಖ, ಕಪ್ಪು ಜಡೆ, ಗರಿ. ಅದರ ನಡುವೆ ತಿಳಿನೀಲಿ ಕಣ್ಣು! ಬಣ್ಣ ಅಲ್ಲಿಗೆ ತಲುಪಿಲ್ಲ. ಕೊಮಾಂಚಿಗಳ ಗುಂಪಾಗಿ ಕುದುರೆ ಏರಿದವರು ಅದೇ ಕಣಿವೆಯ ನವಾಹೊಗಳು. ಅವರ ಮುಖ ನಮಗೆ ದೂರದಿಂದಲೇ ಕಾಣುವುದು.

ಫೋರ್ಡ್ ಆ ಕಣಿವೆಗೆ ಮೊದಲು ಬಂದದ್ದು 1938ರಲ್ಲಿ. ಬಡತನದ ದಿನಗಳು, ನವಾಹೊಗಳಿಗೆ ಆ ಕೂಲಿ ಬೇಕಾಗಿತ್ತು. ಅದನ್ನು ಹಗುರವಾಗಿ ನೋಡಬಾರದು. ಆದರೆ ಕೂಲಿ ಸಿಕ್ಕಿದ್ದು ಹಿಂದೆ ನಿಲ್ಲುವುದಕ್ಕೆ. ನನಗೆ ರೆಡ್‌ಫೇಸ್ ಅಂದರೆ ಮುಖ್ಯವಾಗಿ ಇದೇ. ತಮ್ಮದೇ ನೆಲದಲ್ಲಿ, ತಮ್ಮಂಥವರ ಕಥೆಯಲ್ಲಿ, ಮುಂದಿನ ಜಾಗ ಬೇರೆಯವರ ಪಾಲಾಗುವುದು.

ಈ ಬಣ್ಣವನ್ನು ಮಾತಿಗೂ ಬಳಿದರು. ಫೋರ್ಡ್ ಅವರ 1964ರ ‘ಚೆಯೆನ್ ಆಟಮ್’ನಲ್ಲಿ ಚೆಯೆನ್ ಗುಂಪಾಗಿ ನಿಂತ ನವಾಹೊಗಳು ಮಾತಾಡಿದ್ದು ನವಾಹೊ ಭಾಷೆಯನ್ನೇ. ಚೆಯೆನ್ ಮತ್ತು ನವಾಹೊ ಬೇರೆಬೇರೆ ಕುಟುಂಬದ ಭಾಷೆಗಳು, ಕನ್ನಡ ಮತ್ತು ಹಿಂದಿ ಇದ್ದ ಹಾಗೆ. ನಮ್ಮೂರಿನ ಕಥೆ ಅಂತ ಹೇಳಿ, ಎಲ್ಲರ ಬಾಯಲ್ಲೂ ಹಿಂದಿ ಆಡಿಸಿ, ಕನ್ನಡ ಅಂದರೆ ಇದೇ ಅಂತ ಜಗತ್ತಿಗೆ ತೋರಿಸಿದರೆ ನಮಗೆ ಎಷ್ಟು ನೋವಾಗುತ್ತೆ? ಕೆನಡಾದ ಕ್ರೀ ಜನರ ನಿರ್ದೇಶಕ ನೀಲ್ ಡೈಮಂಡ್ ಅವರ 2009ರ ಸಾಕ್ಷ್ಯಚಿತ್ರ ‘ರೀಲ್ ಇಂಜನ್’ನಲ್ಲಿ ಇಂಥ ಹಳೆಯ ಚಿತ್ರವೊಂದರ ತುಣುಕಿಗೆ ಅಡಿಬರಹ ಹಾಕಿ ತೋರಿಸುತ್ತಾರೆ. ಪರದೆಯ ಮೇಲೆ ಗಂಭೀರ ಮುಖದ ನವಾಹೊ ನಟ ತನ್ನ ಭಾಷೆಯಲ್ಲಿ ಎದುರಿಗಿದ್ದ ಸೇನಾಧಿಕಾರಿಯನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದಾನೆ! ಎದುರಿಗಿದ್ದವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಆ ತುಣುಕು ನನಗೆ ತುಂಬ ಇಷ್ಟ. ಬಾಯಿ ಕಟ್ಟಿಸಿಕೊಂಡವನು ಅಷ್ಟಾದರೂ ತನ್ನ ಮಾತು ಉಳಿಸಿಕೊಂಡ.

ಕ್ಯಾಮೆರಾ ನಿಂತ ಮೇಲೂ ವೇಷ ಕಳಚದವರಿದ್ದರು. 1971ರ ಅಮೆರಿಕದ ಒಂದು ಜಾಹೀರಾತಿನಲ್ಲಿ ಕಸ ಕಂಡು ಕಣ್ಣೀರಿಡುವ ‘ಇಂಡಿಯನ್’ ಆಗಿ ಮನೆಮಾತಾದವರು ಐರನ್ ಐಸ್ ಕೋಡಿ. ಅವರು ಲೂಸಿಯಾನಾದಲ್ಲಿ ಇಟಲಿಯಿಂದ ಬಂದ ಕುಟುಂಬದಲ್ಲಿ ಹುಟ್ಟಿದ ಎಸ್ಪೆರಾ ಡಿ ಕೋರ್ಟಿ ಅನ್ನುವುದು 1996ರಲ್ಲಿ ಬಯಲಾಯಿತು. ಇಂಥವರಿಗೆ ಈಗ ‘ಪ್ರಿಟೆಂಡಿಯನ್’ ಅನ್ನುವ ಬೇರೆ ಪದವೇ ಇದೆ, ಸೋಗಿನ ಇಂಡಿಯನ್ ಅಂತ ಅರ್ಥ. ರೆಡ್‌ಫೇಸ್ ಪಾತ್ರದ ಮಾತು, ಇದು ಬದುಕಿನ ಮಾತು. ಎರಡನ್ನೂ ಕಲಸಬಾರದು.

ಹಾಗಾದರೆ ಒಂದು ಮೂಲನಿವಾಸಿ ಜನಾಂಗದವರು ಇನ್ನೊಂದರ ಪಾತ್ರ ಮಾಡಿದರೆ? ಅದನ್ನು ಸಾಮಾನ್ಯವಾಗಿ ರೆಡ್‌ಫೇಸ್ ಅನ್ನುವುದಿಲ್ಲ. ಆದರೆ ಆ ಜನರ ಭಾಷೆ, ರೀತಿನೀತಿ ಕಲಿತು ಮಾಡಿ ಅನ್ನುವ ನಿರೀಕ್ಷೆ ಈಗ ಜಾಸ್ತಿ. ನಟಿ ಲಿಲಿ ಗ್ಲ್ಯಾಡ್‌ಸ್ಟೋನ್ ಬೆಳೆದದ್ದು ಮೊಂಟಾನಾದ ಬ್ಲ್ಯಾಕ್‌ಫೀಟ್ ನೆಲದಲ್ಲಿ. 2023ರ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ನಲ್ಲಿ ಅವರದು ಓಸೇಜ್ ಹೆಣ್ಣಿನ ಪಾತ್ರ. ಅದಕ್ಕಾಗಿ ಓಸೇಜ್ ಭಾಷೆ ಕಲಿತರು.

2024ರ ಜನವರಿಯಲ್ಲಿ ಆ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ವೇದಿಕೆ ಹತ್ತಿದವರು ಮೊದಲು ಮಾತಾಡಿದ್ದು ಬ್ಲ್ಯಾಕ್‌ಫೀಟ್ ಭಾಷೆಯಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಹಳೆಯ ಸಂಗತಿ ನೆನಪಿಸಿದರು: ಹಿಂದೆ ಮೂಲನಿವಾಸಿ ನಟರು ಇಂಗ್ಲಿಷಿನಲ್ಲೇ ಮಾತು ಹೇಳುತ್ತಿದ್ದರು, ಧ್ವನಿ ವಿಭಾಗದವರು ಆ ರೆಕಾರ್ಡಿಂಗನ್ನು ಹಿಂದುಮುಂದಾಗಿ ಓಡಿಸಿ, ಅದನ್ನೇ ಮೂಲನಿವಾಸಿಗಳ ಭಾಷೆ ಅಂತ ಕೇಳಿಸುತ್ತಿದ್ದರು.